ಗೋಡಂಬಿಯ ಜಾಗತಿಕ ವಹಿವಾಟು: ಬೆಳೆಯುವ ದೇಶ, ಒಡೆಯುವ ದೇಶ, ತಿನ್ನುವ ದೇಶ

ಯಾದಗಿರಿ ಜಿಲ್ಲೆಯ ಕಕ್ಕೇರಾ, ಸುರಪುರ, ಶಹಾಪುರ ಭಾಗದ ಹೊಲಗಳಲ್ಲಿ ತೊಗರಿ, ಹತ್ತಿ, ಜೋಳ ಬೆಳೆಯುತ್ತವೆ. ಕೃಷ್ಣೆಯ ಕಾಲುವೆ ನೀರು ಹರಿಯುವ ಕಡೆ ಭತ್ತವೂ ಉಂಟು. ಗೇರು ಇಲ್ಲಿನ ವಾಣಿಜ್ಯ ಬೆಳೆಯಲ್ಲ. ಆದರೂ ಮದುವೆಯ ಶಿರಾಕ್ಕೆ, ಹಬ್ಬದ ಶ್ಯಾವಿಗೆ ಪಾಯಸಕ್ಕೆ, ದೀಪಾವಳಿಯ ಉಂಡಿಗೆ ಗೋಡಂಬಿ ಬೇಕೇ ಬೇಕು. ಕಿರಾಣಿ ಅಂಗಡಿಯವರು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಆ ತಿರುಳು ಕರಾವಳಿಯ ತೋಟದ್ದೇ ಆಗಿರಬೇಕೆಂದಿಲ್ಲ. ಅದು ಐವರಿ ಕೋಸ್ಟ್‌ನ ಮರದಲ್ಲಿ ಬೆಳೆದು, ಹಡಗಿನಲ್ಲಿ ಬಂದು, ಕಾರ್ಕಳದಲ್ಲೋ ಕೊಲ್ಲಂನಲ್ಲೋ ಸಿಪ್ಪೆ ಕಳಚಿಕೊಂಡು ಇಲ್ಲಿಗೆ ತಲುಪಿದ್ದಿರಬಹುದು.

ಗೋಡಂಬಿಯನ್ನು ಒಂದು ದೇಶ ಬೆಳೆಯುತ್ತದೆ, ಇನ್ನೊಂದು ದೇಶ ಒಡೆಯುತ್ತದೆ, ಮತ್ತೊಂದು ದೇಶ ತಿನ್ನುತ್ತದೆ. ಈ ವಿಂಗಡಣೆ ಸುಮಾರು ನೂರು ವರ್ಷಗಳಷ್ಟು ಹಳೆಯದು. ಮರವಿದ್ದೂ ಕಾರ್ಖಾನೆಯಿಲ್ಲದ ದೇಶಗಳು ಬೆಲೆ ಕುಸಿತಕ್ಕೆ ಸಿಕ್ಕಿ ನರಳಿವೆ. ಕಾರ್ಖಾನೆಯಿದ್ದೂ ಸಾಕಷ್ಟು ಮರಗಳಿಲ್ಲದ ಪ್ರದೇಶಗಳು ಕಚ್ಚಾ ಬೀಜಕ್ಕಾಗಿ ಪರದಾಡಿವೆ. ಕರ್ನಾಟಕದ ಕರಾವಳಿ ಈ ಎರಡನೆಯ ಗುಂಪಿಗೆ ಸೇರಿದೆ. ಗೇರಿನ ಈ ಕಥೆಯಲ್ಲಿ ತೊಗರಿ ಬೆಳೆಯುವ ಯಾದಗಿರಿ ಸೀಮೆಯ ರೈತರೂ ಗಮನಿಸಬೇಕಾದ ಸಂಗತಿಗಳಿವೆ.

ಬ್ರೆಜಿಲ್‌ನಿಂದ ಬಂದ ಮರ

ಗೇರು ಮರದ ತವರು ಬ್ರೆಜಿಲ್ ದೇಶದ ಈಶಾನ್ಯ ಭಾಗ. ಅಲ್ಲಿನ ಮೂಲನಿವಾಸಿಗಳಾದ ತೂಪಿ ಜನರು ಇದನ್ನು 'ಅಕಾಜು' ಎಂದು ಕರೆಯುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು 'ಕಾಜು' ಆಯಿತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಈ ಮರವನ್ನು ಗೋವೆಗೆ ತಂದರು. ಮಿಠಾಯಿ ಅಂಗಡಿಗಳ 'ಕಾಜು ಕತ್ಲಿ'ಯಲ್ಲಿ ಇಂದಿಗೂ ಉಳಿದಿರುವುದು ಬ್ರೆಜಿಲ್‌ನ ಆ ಆದಿವಾಸಿಗಳ ಪದವೇ. ಮಲಯಾಳದ ಹಳೆಯ ಹೆಸರು 'ಪರಂಗಿ ಅಂಡಿ', ಅಂದರೆ ಪರಂಗಿಯವರ ಬೀಜ. ಈ ಹೆಸರೂ ಮರ ಬಂದ ದಾರಿಯನ್ನು ಹೇಳುತ್ತದೆ.

ಪೋರ್ಚುಗೀಸರು ಇದೇ ಮರವನ್ನು ತಮ್ಮ ಆಡಳಿತವಿದ್ದ ಮೊಜಾಂಬಿಕ್‌ಗೂ ಒಯ್ದರು. ಅಲ್ಲಿಂದ ಅದು ಪೂರ್ವ ಆಫ್ರಿಕದ ತೀರದುದ್ದಕ್ಕೂ ಹರಡಿತು. ಬರಡು ಗುಡ್ಡ, ಮರಳು ನೆಲ, ಜಂಬಿಟ್ಟಿಗೆಯ ಭೂಮಿ ಎಲ್ಲೆಡೆಯೂ ಬದುಕುವ ಈ ಮರವನ್ನು ಬಹುಕಾಲ ಮಣ್ಣು ಕೊಚ್ಚಿಹೋಗದಂತೆ ತಡೆಯಲೆಂದು ನೆಡುತ್ತಿದ್ದರೇ ಹೊರತು ಹಣ ತರುವ ಬೆಳೆಯೆಂದು ಯಾರೂ ಎಣಿಸಿರಲಿಲ್ಲ. ಗೋವೆಯಲ್ಲಿ ಹಣ್ಣಿನ ರಸದಿಂದ ಫೆನಿ ತಯಾರಿಸುವ ಪದ್ಧತಿ ಬೆಳೆಯಿತು. ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಬೀಜಕ್ಕೆ ವಿಶ್ವ ಮಾರುಕಟ್ಟೆ ಒದಗಿದ್ದು 20ನೇ ಶತಮಾನದಲ್ಲಿ ಮಾತ್ರ.

ಬೀಜ ತಿರುಳಾಗುವ ಬಗೆ

ಗೋಡಂಬಿಯ ವಹಿವಾಟು ಅರ್ಥವಾಗಬೇಕಾದರೆ ಮೊದಲು ಬೀಜದ ಸ್ವಭಾವ ತಿಳಿದಿರಬೇಕು. ಗೇರು ಹಣ್ಣಿನ ತುದಿಯಲ್ಲಿ ಹೊರಗೆ ಜೋತುಬೀಳುವ ಬೀಜದ ಚಿಪ್ಪಿನಲ್ಲಿ ಸುಡುವ ಗುಣದ ಎಣ್ಣೆಯಿರುತ್ತದೆ. ಅದು ತಗುಲಿದರೆ ಚರ್ಮ ಬೊಬ್ಬೆಯೇಳುತ್ತದೆ. ಶೇಂಗಾ ಸುಲಿದಂತೆ ಮನೆಯಲ್ಲಿ ಕುಳಿತು ಇದನ್ನು ಸುಲಿಯಲಾಗದು. ಹೀಗಾಗಿ ಬೆಳೆಗಾರ ಮತ್ತು ತಿನ್ನುವವರ ನಡುವೆ ಕಾರ್ಖಾನೆ ಬಂದೇ ಬರುತ್ತದೆ.

ಬಿಸಿಲಿನಲ್ಲಿ ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸುತ್ತಾರೆ ಅಥವಾ ಹುರಿಯುತ್ತಾರೆ. ಬಳಿಕ ಚಿಪ್ಪನ್ನು ಒಡೆದು ತಿರುಳು ಬಿಡಿಸುತ್ತಾರೆ. 'ಬೋರ್ಮಾ' ಎನ್ನುವ ಬಿಸಿ ಕೋಣೆಯಲ್ಲಿ ತಿರುಳನ್ನು ಒಣಗಿಸಿ, ಅದರ ಮೇಲಿನ ಕೆಂಪು ಒಳಸಿಪ್ಪೆ ತೆಗೆದು, ಗಾತ್ರ ಮತ್ತು ಬಣ್ಣ ನೋಡಿ ವಿಂಗಡಿಸಿ ಡಬ್ಬಿಗೆ ತುಂಬುತ್ತಾರೆ. ಒಡೆಯುವ, ಸುಲಿಯುವ, ವಿಂಗಡಿಸುವ ಕೆಲಸಗಳನ್ನು ಮಂಗಳೂರಿನಿಂದ ಕೊಲ್ಲಂವರೆಗೆ ಬಹುಪಾಲು ಮಹಿಳೆಯರೇ ಮಾಡುತ್ತ ಬಂದಿದ್ದಾರೆ. ಚಿಪ್ಪಿನ ಎಣ್ಣೆಯಿಂದ ಕೈ ಉಳಿಸಿಕೊಳ್ಳಲು ಬೂದಿ ಅಥವಾ ಬೇರೆ ಎಣ್ಣೆ ಹಚ್ಚಿಕೊಂಡು ಕೂರುವುದು ಹಳೆಯ ರೂಢಿ. ಅದೇ ಚಿಪ್ಪಿನ ಎಣ್ಣೆ ಬಣ್ಣ, ವಾರ್ನಿಷ್ ಹಾಗೂ ವಾಹನಗಳ ಬ್ರೇಕ್ ಲೈನಿಂಗ್ ತಯಾರಿಕೆಗೆ ಕಚ್ಚಾವಸ್ತುವಾಗಿ ಮಾರಾಟವಾಗುತ್ತದೆ.

ವ್ಯಾಪಾರಿಗಳು ಕಚ್ಚಾ ಬೀಜವನ್ನು ಕೊಳ್ಳುವಾಗ 80 ಕಿಲೋ ಚೀಲದಲ್ಲಿ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದನ್ನು ನೋಡಿ ಬೆಲೆ ಕಟ್ಟುತ್ತಾರೆ. ಒಳ್ಳೆಯ ಬೀಜದಲ್ಲಿ ಇದು 48 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು. ಸ್ಥೂಲವಾಗಿ ಹೇಳುವುದಾದರೆ ನಾಲ್ಕು ಕಿಲೋ ಬೀಜ ಒಡೆದರೆ ಒಂದು ಕಿಲೋ ತಿರುಳು. ಪೊಟ್ಟಣಗಳ ಮೇಲೆ ಕಾಣುವ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂಬ ಗುರುತುಗಳೂ ಪೌಂಡ್ ಲೆಕ್ಕದವೇ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, ಅಷ್ಟು ಇಡೀ ಬಿಳಿ ತಿರುಳುಗಳು ತೂಗುತ್ತವೆ ಎಂದು ಅರ್ಥ. ಸಂಖ್ಯೆ ಚಿಕ್ಕದಾದಷ್ಟೂ ತಿರುಳು ದೊಡ್ಡದು, ಬೆಲೆಯೂ ಹೆಚ್ಚು. ಒಡೆಯುವಾಗ ತಿರುಳು ತುಂಡಾದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಈ ಉದ್ಯಮದ ಲಾಭ ನಷ್ಟ ಬಹುಕಾಲ ಮಹಿಳೆಯರ ಕೈಚಳಕವನ್ನೇ ಅವಲಂಬಿಸಿತ್ತು.

ಮಂಗಳೂರು–ಕೊಲ್ಲಂ ಯುಗ

1920ರ ದಶಕದಲ್ಲಿ ಕೊಲ್ಲಂ ಮತ್ತು ಮಂಗಳೂರುಗಳಲ್ಲಿ ಗೋಡಂಬಿ ಸಂಸ್ಕರಣೆ ಉದ್ಯಮದ ರೂಪ ತಾಳಿತು. ಮಂಗಳೂರಿನಲ್ಲಿ ಬ್ರಿಟಿಷ್ ಕಂಪನಿಯಾದ ಪಿಯರ್ಸ್ ಲೆಸ್ಲಿ ಈ ಕ್ಷೇತ್ರದ ಮೊದಲಿಗರಲ್ಲಿ ಒಂದು. ಅಮೆರಿಕ ಆರಂಭದಿಂದಲೂ ದೊಡ್ಡ ಗಿರಾಕಿ. ದೂರದ ಪ್ರಯಾಣದಲ್ಲಿ ತಿರುಳಿಗೆ ಹುಳು ಹಿಡಿಯುವ ಸಮಸ್ಯೆಯಿತ್ತು. ಡಬ್ಬಿಯೊಳಗಿನ ಗಾಳಿ ತೆಗೆದು ಅನಿಲ ತುಂಬುವ ವಿಧಾನ ಬಂದ ನಂತರ ರಫ್ತು ಬೆಳೆಯಿತು.

ಊರ ಸುತ್ತಲಿನ ಮರಗಳ ಬೀಜ ಕಾರ್ಖಾನೆಗಳಿಗೆ ಸಾಲದಾಯಿತು. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಪೂರ್ವ ಆಫ್ರಿಕದಿಂದ ಕಚ್ಚಾ ಬೀಜದ ಆಮದು ಆರಂಭವಾಗಿತ್ತು. ಆಫ್ರಿಕದಲ್ಲಿ ಮರ, ಭಾರತದಲ್ಲಿ ಕೈಗಳು, ಅಮೆರಿಕ ಮತ್ತು ಯುರೋಪಿನಲ್ಲಿ ಬಾಯಿ ಎಂಬ ಈ ಏರ್ಪಾಡು ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 1955ರಲ್ಲಿ ಭಾರತೀಯ ಗೋಡಂಬಿ ರಫ್ತು ಉತ್ತೇಜನ ಮಂಡಳಿ ಸ್ಥಾಪನೆಯಾಯಿತು. 1970ರಲ್ಲಿ ಕೇಂದ್ರ ಸರ್ಕಾರ ಕ್ಯಾಷ್ಯೂ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ರಚಿಸಿ, ಕಚ್ಚಾ ಬೀಜದ ಆಮದನ್ನು ಅದರ ಮೂಲಕವೇ ನಡೆಸಲು ಆರಂಭಿಸಿತು.

ಅಷ್ಟರಲ್ಲಿ ಆಫ್ರಿಕದ ದೇಶಗಳೂ ಎಚ್ಚೆತ್ತಿದ್ದವು. ತಮ್ಮ ಬೀಜವನ್ನು ತಾವೇ ಒಡೆಯಬಾರದೇಕೆ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಈ ಪ್ರಯತ್ನಕ್ಕೆ ಏನಾಯಿತು ಎಂಬುದನ್ನು ಮೊಜಾಂಬಿಕ್ ಮತ್ತು ಟಾಂಜಾನಿಯ ಎರಡು ಬೇರೆ ಬೇರೆ ರೀತಿಯಲ್ಲಿ ತೋರಿಸಿವೆ.

ಪೂರ್ವ ಆಫ್ರಿಕದ ಎರಡು ಪಾಠಗಳು

1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ವಿಶ್ವದ ಅತಿ ದೊಡ್ಡ ಗೋಡಂಬಿ ಉತ್ಪಾದಕ ದೇಶವಾಗಿತ್ತು. ವರ್ಷಕ್ಕೆ 2 ಲಕ್ಷ ಟನ್‌ಗೂ ಹೆಚ್ಚು ಬೀಜ ಅಲ್ಲಿ ಸಂಗ್ರಹವಾಗುತ್ತಿತ್ತು. 1975ರಲ್ಲಿ ದೇಶ ಸ್ವತಂತ್ರವಾಯಿತು. 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧ ಹಳ್ಳಿಗಳನ್ನು ಬರಿದು ಮಾಡಿತು. ಹೊಸ ಗಿಡ ನೆಡುವವರಿಲ್ಲದೆ ತೋಟಗಳು ಮುದಿಯಾದವು.

ಯುದ್ಧ ಮುಗಿದಾಗ ಉಳಿದಿದ್ದ ಕಾರ್ಖಾನೆಗಳಿಗೆ ಇನ್ನೊಂದು ಪೆಟ್ಟು ಬಿತ್ತು. ಕಚ್ಚಾ ಬೀಜ ದೇಶದಲ್ಲೇ ಉಳಿಯಲೆಂದು ಸರ್ಕಾರ ಅದರ ರಫ್ತಿಗೆ ಭಾರಿ ಸುಂಕ ಹಾಕಿತ್ತು. ಮುಕ್ತ ವ್ಯಾಪಾರದಿಂದ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬ ವಾದ ಮುಂದಿಟ್ಟು, ಸುಂಕ ಇಳಿಸುವಂತೆ ವಿಶ್ವಬ್ಯಾಂಕ್ 1990ರ ದಶಕದ ಮಧ್ಯದಲ್ಲಿ ಒತ್ತಡ ಹೇರಿತು. ಸುಂಕ ಶೇ 14ಕ್ಕೆ ಇಳಿಯಿತು. ಬೀಜ ಭಾರತದ ಹಡಗು ಹತ್ತಿತು. ದಶಕ ಮುಗಿಯುವುದರೊಳಗೆ ಅಲ್ಲಿನ ಬಹುತೇಕ ದೊಡ್ಡ ಕಾರ್ಖಾನೆಗಳು ಬಾಗಿಲು ಹಾಕಿದವು. ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು.

ಅರ್ಥಶಾಸ್ತ್ರಜ್ಞರಾದ ಮಾರ್ಗರೆಟ್ ಮ್ಯಾಕ್‌ಮಿಲನ್, ಡ್ಯಾನಿ ರೋಡ್ರಿಕ್ ಮತ್ತು ಕ್ಯಾರೆನ್ ವೆಲ್ಚ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸುಧಾರಣೆಯಿಂದ ಸಾಮಾನ್ಯ ಬೆಳೆಗಾರ ಕುಟುಂಬಕ್ಕೆ ದೊರೆತ ಹೆಚ್ಚುವರಿ ಆದಾಯ ವರ್ಷಕ್ಕೆ 5 ಡಾಲರಿನ ಆಸುಪಾಸಿನಲ್ಲಿತ್ತು. ಕಾರ್ಮಿಕರು ಕಳೆದುಕೊಂಡದ್ದು ರೈತರ ಕೈ ಸೇರಲಿಲ್ಲ. ಅದರಲ್ಲಿ ದೊಡ್ಡ ಪಾಲು ಮಧ್ಯವರ್ತಿಗಳಿಗೂ ಕೊಳ್ಳುವವರಿಗೂ ಹೋಯಿತು. ಆ ಬೀಜ ಒಡೆದ ಕೊಲ್ಲಂ, ಮಂಗಳೂರುಗಳ ಮಹಿಳೆಯರಿಗೆ ಮಾತ್ರ ಅಷ್ಟು ಕಾಲ ಕೂಲಿ ನಡೆಯಿತು.

ಟಾಂಜಾನಿಯದ ಕಥೆ ಇದಕ್ಕೆ ವಿರುದ್ಧ. ಅಲ್ಲಿ 1973-74ರಲ್ಲಿ 1.45 ಲಕ್ಷ ಟನ್ ಬೀಜ ದೊರೆತಿತ್ತು. ಸರ್ಕಾರ ವಿದೇಶಿ ಸಾಲ ತಂದು, ಇಟಲಿ ಮತ್ತು ಜಪಾನಿನ ಯಂತ್ರಗಳನ್ನು ತರಿಸಿ ದೊಡ್ಡ ಕಾರ್ಖಾನೆಗಳನ್ನು ಕಟ್ಟಿಸಿತು. ಅದೇ ಕಾಲಕ್ಕೆ ರೈತರನ್ನು ಚದುರಿದ ವಸತಿಗಳಿಂದ ಎಬ್ಬಿಸಿ ಸಾಮೂಹಿಕ ಗ್ರಾಮಗಳಿಗೆ ಸಾಗಿಸಲಾಯಿತು. ಮರಗಳು ಊರಿನಿಂದ ದೂರವಾದವು. ಸರ್ಕಾರ ಕೊಡುತ್ತಿದ್ದ ಬೆಲೆಯೂ ಕಡಿಮೆಯಿತ್ತು. 1986-87ರ ಹೊತ್ತಿಗೆ ಇಳುವರಿ 20 ಸಾವಿರ ಟನ್‌ಗಿಂತ ಕೆಳಗಿಳಿಯಿತು. ಬೀಜವಿಲ್ಲದೆ ಯಂತ್ರಗಳು ತುಕ್ಕು ಹಿಡಿದವು. ಮೊಜಾಂಬಿಕ್‌ನಲ್ಲಿ ಬೀಜವಿದ್ದೂ ಕಾರ್ಖಾನೆ ಮುಚ್ಚಿತು, ಟಾಂಜಾನಿಯದಲ್ಲಿ ಕಾರ್ಖಾನೆಯಿದ್ದೂ ಬೀಜ ಸಿಗಲಿಲ್ಲ.

ಟಾಂಜಾನಿಯ ಮುಂದೆ ಚೇತರಿಸಿಕೊಂಡಿತು. 2007ರಿಂದ ಗೋದಾಮು ರಸೀದಿ ಮತ್ತು ಹರಾಜಿನ ಪದ್ಧತಿ ಜಾರಿಗೆ ಬಂತು. ಆದರೂ ಬೆಲೆಯ ಜಗಳ ಮುಗಿಯಲಿಲ್ಲ. 2018ರ ಹಂಗಾಮಿನಲ್ಲಿ ವ್ಯಾಪಾರಿಗಳು ಕೇಳಿದ ಬೆಲೆಗೆ ರೈತರು ಒಪ್ಪದಿದ್ದಾಗ, ಅಂದಿನ ಅಧ್ಯಕ್ಷ ಜಾನ್ ಮಗುಫುಲಿ ಕಿಲೋಗೆ 3,300 ಶಿಲ್ಲಿಂಗ್ ದರ ಘೋಷಿಸಿ, ಬೀಜ ಕೊಂಡು ಸಾಗಿಸಲು ಸೇನೆಯನ್ನೇ ಇಳಿಸಿದರು. ಸೇನೆ ಕೊಂಡ ಬೀಜವನ್ನು ಒಡೆಯಲು ದೇಶದಲ್ಲಿ ಸಾಕಷ್ಟು ಕಾರ್ಖಾನೆಗಳೇ ಇರಲಿಲ್ಲ.

ವಿಯೆಟ್ನಾಂ ಮುಂದೆ ಬಂದದ್ದು

1980ರ ದಶಕದ ಕೊನೆಯವರೆಗೂ ಗೋಡಂಬಿ ವಹಿವಾಟಿನಲ್ಲಿ ವಿಯೆಟ್ನಾಂ ಹೆಸರು ಅಷ್ಟಾಗಿ ಕೇಳಿಬರುತ್ತಿರಲಿಲ್ಲ. 1990ರ ದಶಕದಲ್ಲಿ ಅಲ್ಲಿ ತೋಟಗಳೂ ಕಾರ್ಖಾನೆಗಳೂ ಒಟ್ಟೊಟ್ಟಿಗೆ ಬೆಳೆದವು. ದಕ್ಷಿಣದ ಬಿನ್ ಫುವೊಕ್ ಪ್ರಾಂತ್ಯ ಗೇರಿನ ರಾಜಧಾನಿ ಎನಿಸಿತು. 2025ರಲ್ಲಿ ನಡೆದ ಆಡಳಿತ ಪುನರ್ರಚನೆಯಲ್ಲಿ ಈ ಪ್ರಾಂತ್ಯ ಡೊಂಗ್ ನೈ ಪ್ರಾಂತ್ಯದೊಂದಿಗೆ ವಿಲೀನವಾಗಿದೆ.

2006ರಲ್ಲಿ ವಿಯೆಟ್ನಾಂ ಭಾರತವನ್ನು ಹಿಂದಿಕ್ಕಿ ಗೋಡಂಬಿ ತಿರುಳಿನ ಅತಿ ದೊಡ್ಡ ರಫ್ತುದಾರ ದೇಶವಾಯಿತು. ಅಲ್ಲಿಂದೀಚೆಗೆ ಆ ಸ್ಥಾನ ಬಿಟ್ಟುಕೊಟ್ಟಿಲ್ಲ. ಇದಕ್ಕೆ ಮುಖ್ಯ ಕಾರಣ ಯಂತ್ರ. ಬೀಜ ಕತ್ತರಿಸುವ, ಒಳಸಿಪ್ಪೆ ತೆಗೆಯುವ, ಬಣ್ಣ ನೋಡಿ ವಿಂಗಡಿಸುವ ಯಂತ್ರಗಳನ್ನು ವಿಯೆಟ್ನಾಂ ತಾನೇ ತಯಾರಿಸಿ ಬಳಸಿತು, ಹೊರದೇಶಗಳಿಗೂ ಮಾರಿತು. ಭಾರತದ ಕಾರ್ಖಾನೆಗಳು ಕೈಕೆಲಸವನ್ನೇ ನೆಚ್ಚಿಕೊಂಡಿದ್ದಾಗ ಅಲ್ಲಿ ಒಂದು ಟನ್ ಒಡೆಯುವ ವೆಚ್ಚ ಇಳಿಯುತ್ತ ಹೋಯಿತು. ಆದರೆ ಈ ಏಳಿಗೆಗೂ ಕಪ್ಪು ಮಗ್ಗುಲಿದೆ. ಮಾದಕ ವ್ಯಸನಿಗಳ ಬಂಧನ ಕೇಂದ್ರಗಳಲ್ಲಿ ಇರಿಸಿದವರಿಂದ ಬಲವಂತವಾಗಿ ಗೋಡಂಬಿ ಕೆಲಸ ಮಾಡಿಸಲಾಗುತ್ತಿತ್ತು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2011ರ ವರದಿಯಲ್ಲಿ ಹೇಳಿತ್ತು.

2024ರಲ್ಲಿ ವಿಯೆಟ್ನಾಂ 7 ಲಕ್ಷ ಟನ್‌ಗೂ ಹೆಚ್ಚು ತಿರುಳು ರಫ್ತು ಮಾಡಿ 400 ಕೋಟಿ ಡಾಲರ್‌ಗೂ ಮಿಗಿಲಾದ ಆದಾಯ ಗಳಿಸಿತು. ನಾಲ್ಕು ಕಿಲೋಗೆ ಒಂದು ಕಿಲೋ ತಿರುಳು ಎಂಬ ಲೆಕ್ಕ ಹಿಡಿದರೆ ಇದಕ್ಕೆ ಸುಮಾರು 28 ಲಕ್ಷ ಟನ್ ಬೀಜ ಬೇಕು. ಅದರ ಸಣ್ಣ ಪಾಲು ಮಾತ್ರ ಸ್ವಂತ ತೋಟದ್ದು. ಉಳಿದದ್ದು ನೆರೆಯ ಕಾಂಬೋಡಿಯದಿಂದ ಮತ್ತು ಆಫ್ರಿಕದಿಂದ ಬರುತ್ತದೆ. ತೋಟಗಳ ಜಾಗವನ್ನು ರಬ್ಬರ್, ಡುರಿಯನ್ ಮುಂತಾದ ಬೆಳೆಗಳು ಆಕ್ರಮಿಸುತ್ತಿವೆ. ಒಂದು ಕಾಲದಲ್ಲಿ ಭಾರತ ಇದ್ದ ಜಾಗದಲ್ಲೇ ಈಗ ವಿಯೆಟ್ನಾಂ ನಿಂತಿದೆ.

ಪಶ್ಚಿಮ ಆಫ್ರಿಕದ ಉದಯ

ಉತ್ಪಾದನೆಯ ಕೇಂದ್ರವೂ ಈ ಅವಧಿಯಲ್ಲಿ ಸ್ಥಳಾಂತರಗೊಂಡಿದೆ. ಐವರಿ ಕೋಸ್ಟ್‌ನ ಉತ್ತರ ಭಾಗದಲ್ಲಿ ಅರಣ್ಯ ನಾಶ ತಡೆಯಲೆಂದು ದಶಕಗಳ ಹಿಂದೆ ಗೇರು ನೆಡಲಾಗಿತ್ತು. ಇಂದು ಆ ದೇಶ ವಿಶ್ವದ ಅತಿ ದೊಡ್ಡ ಉತ್ಪಾದಕ. 2015ರ ವೇಳೆಗೆ 7 ಲಕ್ಷ ಟನ್ ಮುಟ್ಟಿದ್ದ ಅಲ್ಲಿನ ಇಳುವರಿ 2022ರಿಂದ ಈಚೆಗೆ 10 ಲಕ್ಷ ಟನ್ ಆಸುಪಾಸಿನಲ್ಲಿದೆ. ಪ್ರತಿ ಹಂಗಾಮಿಗೆ ಮುನ್ನ ಹತ್ತಿ ಮತ್ತು ಗೋಡಂಬಿ ಮಂಡಳಿ ರೈತನಿಗೆ ಸಲ್ಲಬೇಕಾದ ಕನಿಷ್ಠ ದರವನ್ನು ಪ್ರಕಟಿಸುತ್ತದೆ.

ಗಿನಿ ಬಿಸಾವು ಎಂಬ ಪುಟ್ಟ ದೇಶದ ರಫ್ತು ಆದಾಯದ ಬಹುಪಾಲು ಗೋಡಂಬಿಯೊಂದರಿಂದಲೇ ಬರುತ್ತದೆ. ಅಲ್ಲಿನ ಕಚ್ಚಾ ಬೀಜಕ್ಕೆ ಭಾರತವೇ ಬಹುಕಾಲ ದೊಡ್ಡ ಗಿರಾಕಿ. ಅಲ್ಲಿನ ಕುಟುಂಬಗಳು ಬೀಜ ಕೊಟ್ಟು ಅಕ್ಕಿ ಕೊಳ್ಳುತ್ತವೆ. ಬೀಜದ ಬೆಲೆ ಬಿದ್ದ ವರ್ಷ ಮನೆಯಲ್ಲಿ ಅನ್ನಕ್ಕೂ ಕೊರತೆ. ಒಂದೇ ಬೆಳೆಗೆ ಇಡೀ ದೇಶ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ 2021ರಲ್ಲಿ ಹೊರತಂದ ವರದಿ, ವಿಶ್ವದ ಕಚ್ಚಾ ಗೋಡಂಬಿಯ ಅರ್ಧದಷ್ಟನ್ನು ಬೆಳೆಯುವ ಆಫ್ರಿಕದಲ್ಲಿ ಶೇ 15ಕ್ಕಿಂತ ಕಡಿಮೆ ಬೀಜ ಮಾತ್ರ ಒಡೆಯಲ್ಪಡುತ್ತದೆ ಎಂದು ತಿಳಿಸಿತ್ತು. ಈ ಸ್ಥಿತಿ ಬದಲಾಗಲು ಆರಂಭಿಸಿದೆ. ಐವರಿ ಕೋಸ್ಟ್ ಸರ್ಕಾರ ಕಾರ್ಖಾನೆಗಳಿಗೆ ತೆರಿಗೆ ವಿನಾಯಿತಿ ಮತ್ತು ಪ್ರೋತ್ಸಾಹಧನ ನೀಡುತ್ತಿದೆ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿ, ಗ್ಲೋ-ಜಿಗ್ಬೆ ಕೈಗಾರಿಕಾ ವಲಯದಲ್ಲಿ ಕಾರ್ಖಾನೆಗಳನ್ನು ತೆರೆದಿದೆ. ಆಫ್ರಿಕದ ಬಂದರಿನಿಂದ ಕಚ್ಚಾ ಬೀಜದ ಬದಲು ತಿರುಳೇ ಹೊರಡತೊಡಗಿದಷ್ಟೂ ಭಾರತದ ಕಾರ್ಖಾನೆಗಳ ಬೀಜ ಕಡಿಮೆಯಾಗುತ್ತದೆ.

ಭಾರತ: ರಫ್ತುದಾರನಿಂದ ಗ್ರಾಹಕನತ್ತ

2011-12ರಲ್ಲಿ ಭಾರತ ಸುಮಾರು 1.3 ಲಕ್ಷ ಟನ್ ಗೋಡಂಬಿ ತಿರುಳನ್ನು ಹೊರದೇಶಗಳಿಗೆ ಕಳುಹಿಸಿತ್ತು. 2019-20ರ ವೇಳೆಗೆ ಅದು ಸುಮಾರು 67 ಸಾವಿರ ಟನ್‌ಗೆ, ಅಂದರೆ ಅರ್ಧಕ್ಕೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಕುಗ್ಗಿತು. ಆದರೆ ಇದರಿಂದ ದೇಶದಲ್ಲಿ ಗೋಡಂಬಿ ಮೂಲೆಗೆ ಬಿದ್ದಿತೆಂದು ತಿಳಿಯುವಂತಿಲ್ಲ. ಭಾರತ ಇಂದು ವಿಶ್ವದಲ್ಲೇ ಅತಿ ಹೆಚ್ಚು ಗೋಡಂಬಿ ತಿನ್ನುವ ದೇಶ. ಮಿಠಾಯಿ, ಹೋಟೆಲಿನ ಮಸಾಲೆ, ಹಬ್ಬದ ಉಡುಗೊರೆ ಪೆಟ್ಟಿಗೆಗಳಿಂದ ಒಳನಾಡಿನ ಬೇಡಿಕೆ ಬೆಳೆದಿದೆ. ವಿದೇಶದಲ್ಲಿ ವಿಯೆಟ್ನಾಂ ಜತೆ ಪೈಪೋಟಿ ನಡೆಸುವುದಕ್ಕಿಂತ ಊರಿನಲ್ಲೇ ಮಾರುವುದು ಲಾಭ ಎಂದು ಅನೇಕ ಕಾರ್ಖಾನೆಗಳು ಕಂಡುಕೊಂಡಿವೆ.

ಸುಂಕದ ನೀತಿಯೂ ಇದೇ ದಿಕ್ಕಿನಲ್ಲಿ ಸಾಗಿತು. 2016ರಲ್ಲಿ ಕಚ್ಚಾ ಬೀಜದ ಆಮದಿಗೆ ಶೇ 5ರ ಮೂಲ ಸುಂಕ ಬಿತ್ತು. ಉದ್ಯಮದ ಬೇಡಿಕೆಯ ಮೇರೆಗೆ 2018ರ ಬಜೆಟ್ಟಿನಲ್ಲಿ ಅದನ್ನು ಶೇ 2.5ಕ್ಕೆ ಇಳಿಸಲಾಯಿತು. ಅಗ್ಗದ ವಿದೇಶಿ ತಿರುಳು ನುಸುಳದಂತೆ 2019ರ ಜೂನ್‌ನಲ್ಲಿ ತುಂಡು ಗೋಡಂಬಿಗೆ ಕಿಲೋಗೆ 680 ರೂ., ಇಡೀ ಗೋಡಂಬಿಗೆ 720 ರೂ. ಕನಿಷ್ಠ ಆಮದು ದರ ನಿಗದಿಯಾಯಿತು. ಅದೇ ವರ್ಷದ ಬಜೆಟ್ಟಿನಲ್ಲಿ ತಿರುಳಿನ ಆಮದು ಸುಂಕ ಶೇ 45ರಿಂದ 70ಕ್ಕೆ ಏರಿತು. ಕಚ್ಚಾ ಬೀಜಕ್ಕೆ ಬಾಗಿಲು ಅರೆತೆರೆದು, ತಿರುಳಿಗೆ ಮುಚ್ಚುವುದು ಈ ನೀತಿಯ ಸಾರ. ತಿನ್ನುವವರಿಗೆ ಬೆಲೆ ಹೆಚ್ಚಾದರೂ ಒಡೆಯುವವರ ಕೂಲಿ ಉಳಿಯಲಿ ಎಂಬುದು ಅದರ ಲೆಕ್ಕ.

ಆ ಕೂಲಿಯೂ ಎಲ್ಲೆಡೆ ಉಳಿದಿಲ್ಲ. ಕೇರಳದಲ್ಲಿ 2015ರ ಕನಿಷ್ಠ ವೇತನ ಏರಿಕೆಯ ನಂತರ ಕೊಲ್ಲಂ ಭಾಗದ ನೂರಾರು ಖಾಸಗಿ ಕಾರ್ಖಾನೆಗಳು ಮುಚ್ಚಿದವು. ಕೂಲಿ ಕಡಿಮೆಯಿರುವ ಕಡೆಗೆ ಕೆಲಸ ಹೋಯಿತು. ಆಂಧ್ರದ ಪಲಾಸ, ತಮಿಳುನಾಡಿನ ಪಣ್ರುಟಿ, ಮಹಾರಾಷ್ಟ್ರದ ಗಡಿಯಲ್ಲಿರುವ ಚಂದಗಡ ಮೊದಲಾದ ಊರುಗಳಲ್ಲಿ ಸಣ್ಣ ಘಟಕಗಳು ಬೆಳೆದವು. ಮಂಗಳೂರು, ಕಾರ್ಕಳ, ಕುಂದಾಪುರ, ಪುತ್ತೂರು ಭಾಗದ ಕಾರ್ಖಾನೆಗಳು ಯಂತ್ರಗಳನ್ನು ಅಳವಡಿಸಿಕೊಂಡು ಉಳಿಯುವ ಯತ್ನ ನಡೆಸಿವೆ. ಯಂತ್ರ ಬಂದ ಮೇಲೆ ಬೊಬ್ಬೆಯೇಳಿಸುವ ಕೆಲಸ ತಗ್ಗಿತು. ಅದರೊಂದಿಗೆ ಕೆಲಸಗಾರರ ಸಂಖ್ಯೆಯೂ ತಗ್ಗಿತು. ಬೀಡಿ ಕಟ್ಟುವುದು ಮತ್ತು ಬೀಜದ ಕಾರ್ಖಾನೆ ಇವೆರಡನ್ನೇ ನೆಚ್ಚಿದ್ದ ಕರಾವಳಿಯ ಬಡ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ.

ಕರ್ನಾಟಕದ ತೋಟಗಳು

ಕಚ್ಚಾ ಬೀಜ ಊರಿನಲ್ಲೇ ಸಿಗಬೇಕೆಂಬ ಚಿಂತನೆ ರಾಜ್ಯದಲ್ಲಿ ಹೊಸದೇನಲ್ಲ. ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರ ಹಲವು ತಳಿಗಳನ್ನು ನೀಡಿದೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮ 1978ರಲ್ಲಿ ಆರಂಭವಾಗಿ ಕರಾವಳಿಯ ಜಿಲ್ಲೆಗಳಲ್ಲಿ ವಿಶಾಲ ನೆಡುತೋಪುಗಳನ್ನು ನಿರ್ವಹಿಸುತ್ತಿದೆ. ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ 2009ರಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಾಯಿತು. ಭಾಸ್ಕರ, ನೇತ್ರಾ ಜಂಬೋ-1 ಮುಂತಾದ ತಳಿಗಳು ಈ ಸಂಸ್ಥೆಯವು. ನೇತ್ರಾ ಜಂಬೋ ಹೆಸರೇ ಹೇಳುವಂತೆ ದೊಡ್ಡ ಬೀಜದ ತಳಿ. ಬೀಜ ದೊಡ್ಡದಾದರೆ ಹೆಕ್ಕುವ ಕೂಲಿ ಉಳಿಯುತ್ತದೆ, ತಿರುಳಿಗೂ ಹೆಚ್ಚು ಬೆಲೆ. ಬಯಲುಸೀಮೆಗೆ ಹೊಂದುವ ಚಿಂತಾಮಣಿ-1 ತಳಿಯೂ ರಾಜ್ಯದಲ್ಲೇ ಅಭಿವೃದ್ಧಿಯಾದದ್ದು. ಹೀಗಿದ್ದೂ ದೇಶದ ಉತ್ಪಾದನೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳು ಮುಂದಿವೆ. ಕರಾವಳಿಯಲ್ಲಿ ರಬ್ಬರ್ ಮತ್ತು ಅಡಿಕೆ ಗೇರಿನ ಗುಡ್ಡಗಳನ್ನು ಹತ್ತಿವೆ.

ಇಳುವರಿ ಹೆಚ್ಚಿಸುವ ಆತುರಕ್ಕೆ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯ ನಿಯಂತ್ರಣಕ್ಕೆಂದು ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ಮತ್ತು ದಕ್ಷಿಣ ಕನ್ನಡದಲ್ಲಿ ಗೇರು ಅಭಿವೃದ್ಧಿ ನಿಗಮ ಸುಮಾರು ಎರಡು ದಶಕ ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿದವು. ಕನ್ನಡ, ತುಳು ಮಾತಾಡುವ ಎಣ್ಮಕಜೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಮುಂತಾದ ಗ್ರಾಮಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರಸಂಬಂಧಿ ಕಾಯಿಲೆಗಳಿಂದ ಬಳಲುವ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಕಂಡುಬಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ ಮತ್ತು ಮಾರಾಟವನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಕರ್ನಾಟಕದಲ್ಲಿ ಸಂತ್ರಸ್ತರಿಗೆ ಮಾಸಾಶನದ ವ್ಯವಸ್ಥೆಯಿದೆ. ಡಾಲರ್ ತರುವ ಬೆಳೆಯ ಲೆಕ್ಕಪತ್ರದಲ್ಲಿ ಈ ಮಕ್ಕಳ ಬದುಕು ನಮೂದಾಗಿರಲಿಲ್ಲ.

ತೊಗರಿ ನಾಡಿಗೆ ಇದರ ಸಂಬಂಧ

ಗೋಡಂಬಿಯ ಈ ಏರಿಳಿತ ದೂರದ ವಿಷಯವೆಂದು ಯಾದಗಿರಿ, ಕಲಬುರಗಿ ಜಿಲ್ಲೆಗಳ ರೈತರಿಗೆ ತೋರಬಹುದು. ಆದರೆ ಉತ್ತರ ಮೊಜಾಂಬಿಕ್‌ನ ನಂಪುಲ ಪ್ರಾಂತ್ಯದಲ್ಲಿ ಗೇರಿನ ಜತೆಗೆ ಬೆಳೆಯುವ ಇನ್ನೊಂದು ಬೆಳೆ ತೊಗರಿ. ದಕ್ಷಿಣ ಟಾಂಜಾನಿಯದಲ್ಲೂ ಹೀಗೆಯೇ. ಎರಡೂ ದೇಶಗಳ ತೊಗರಿಗೆ ಭಾರತವೇ ಮುಖ್ಯ ಮಾರುಕಟ್ಟೆ. ಕರಾವಳಿಗೆ ಗೇರುಬೀಜ ಕಳುಹಿಸುವ ಬಂದರುಗಳೇ ಭಾರತದ ಬೇಳೆ ಮಿಲ್ಲುಗಳಿಗೆ ತೊಗರಿಯನ್ನೂ ಕಳುಹಿಸುತ್ತವೆ.

ದೇಶದಲ್ಲಿ ಬೇಳೆಯ ಬೆಲೆ ಗಗನಕ್ಕೇರಿದ್ದ ಹಿನ್ನೆಲೆಯಲ್ಲಿ, 2016ರ ಜುಲೈನಲ್ಲಿ ಭಾರತ ಮತ್ತು ಮೊಜಾಂಬಿಕ್ ದೀರ್ಘಾವಧಿಯ ತೊಗರಿ ಖರೀದಿ ಒಪ್ಪಂದ ಮಾಡಿಕೊಂಡವು. 2020-21ರ ವೇಳೆಗೆ ವರ್ಷಕ್ಕೆ 2 ಲಕ್ಷ ಟನ್ ತರಿಸುವ ಗುರಿ ಅದರಲ್ಲಿತ್ತು. 2021ರಲ್ಲಿ ಮಲಾವಿ ಮತ್ತು ಮ್ಯಾನ್ಮಾರ್‌ಗಳೊಂದಿಗೂ ಇಂತಹ ಒಪ್ಪಂದಗಳಾದವು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿದ್ದ ಪ್ರಮಾಣದ ಮಿತಿ ತೆರವಾಯಿತು. ಆ ಸಡಿಲಿಕೆ ನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ವಿಸ್ತರಣೆ ಕಂಡಿತು. ನಗರದ ಗ್ರಾಹಕನಿಗೆ ಬೇಳೆ ಅಗ್ಗವಾಗಲೆಂಬುದು ಇದರ ಉದ್ದೇಶ. ಆದರೆ ರಾಶಿ ಮುಗಿಸಿ ಎಪಿಎಂಸಿಗೆ ಚೀಲ ತರುವ ಸುರಪುರದ ರೈತನಿಗೆ ಆ ಹಡಗೇ ಪ್ರತಿಸ್ಪರ್ಧಿ.

ಗೋಡಂಬಿಯಲ್ಲಿ ಸರ್ಕಾರ ಕಚ್ಚಾ ಬೀಜಕ್ಕೆ ಕಡಿಮೆ, ತಿರುಳಿಗೆ ಹೆಚ್ಚು ಸುಂಕ ಹಾಕಿತು. ಅಲ್ಲಿ ರಕ್ಷಣೆ ದೊರೆತದ್ದು ಕಾರ್ಖಾನೆಗೆ. ದೇಶಿ ಗೇರು ಬೆಳೆಗಾರ ಮಾತ್ರ ಆಫ್ರಿಕದ ಬೀಜದ ಬೆಲೆಯೊಂದಿಗೆ ಸೆಣಸಬೇಕಾಯಿತು. ತೊಗರಿಯಲ್ಲಿ ಬಾಗಿಲು ತೆರೆದಿಟ್ಟಾಗ ಮಿಲ್ಲಿಗೂ ಗ್ರಾಹಕನಿಗೂ ಅನುಕೂಲವಾದರೂ, ಬೆಳೆಗಾರನ ಪಾಲಿಗೆ ಉಳಿಯುವುದು ಬೆಂಬಲ ಬೆಲೆಯ ಆಸರೆ ಮಾತ್ರ. ಬೆಂಬಲ ಬೆಲೆ ಘೋಷಣೆಯಾದರೆ ಸಾಲದು, ಖರೀದಿ ಕೇಂದ್ರ ಸಕಾಲಕ್ಕೆ ತೆರೆಯಬೇಕು.

ಆಫ್ರಿಕದ ದೇಶಗಳು ನೂರು ವರ್ಷಗಳ ಅನುಭವದಿಂದ ಕಲಿತದ್ದನ್ನು ತೊಗರಿ ಸೀಮೆಗೂ ಅನ್ವಯಿಸಿ ನೋಡಬಹುದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಆ ಹೆಸರಿನ ಬೆಲೆ ರೈತನಿಗೆ ಸಿಗಬೇಕಾದರೆ ಕಾಳು ಕಾಳಾಗಿಯೇ ಊರು ಬಿಡಬಾರದು, ಬೇಳೆಯಾಗಿ ಹೊರಡಬೇಕು. ರೈತ ಉತ್ಪಾದಕ ಕಂಪನಿಗಳ ಕೈಯಲ್ಲಿ ಸಣ್ಣ ಬೇಳೆ ಯಂತ್ರಗಳಿದ್ದರೆ, ದಾಸ್ತಾನಿಗೆ ಗೋದಾಮು ಮತ್ತು ರಸೀದಿಯ ಮೇಲೆ ಸಾಲ ದೊರೆತರೆ, ಸುಗ್ಗಿಯ ವಾರದಲ್ಲೇ ಬಂದ ಬೆಲೆಗೆ ಮಾರುವ ಒತ್ತಡ ತಗ್ಗುತ್ತದೆ. ಇದಕ್ಕೆ ಯಂತ್ರದಷ್ಟೇ ಬೆಳೆಯೂ ಮುಖ್ಯ ಎಂಬುದನ್ನು ಟಾಂಜಾನಿಯದ ತುಕ್ಕು ಹಿಡಿದ ಕಾರ್ಖಾನೆಗಳು ನೆನಪಿಸುತ್ತವೆ.

ಗೋಡಂಬಿಯ ಭೂಪಟ ಇನ್ನೂ ಬದಲಾಗುತ್ತಲೇ ಇದೆ. ಬ್ರೆಜಿಲ್‌ನಲ್ಲಿ ಹುಟ್ಟಿ, ಗೋವೆಯಲ್ಲಿ ಇಳಿದು, ಮಂಗಳೂರಿನಲ್ಲಿ ಉದ್ಯಮವಾಗಿ, ವಿಯೆಟ್ನಾಂನಲ್ಲಿ ಯಂತ್ರಕ್ಕೆ ಒಗ್ಗಿದ ಈ ಬೀಜ ಈಗ ಆಫ್ರಿಕದಲ್ಲೇ ತಿರುಳಾಗಲು ಹೊರಟಿದೆ. ಬೆನಿನ್ ಮಾದರಿಯನ್ನು ಉಳಿದ ದೇಶಗಳೂ ಅನುಸರಿಸಿದರೆ ಕರಾವಳಿಯ ಕಾರ್ಖಾನೆಗಳಿಗೆ ಊರಿನ ಗುಡ್ಡಗಳ ಬೀಜವೇ ಗತಿ. ಆಗ ಪುತ್ತೂರು, ಉಳ್ಳಾಲಗಳ ತಳಿಗಳು ರೈತರ ಗುಡ್ಡದಲ್ಲಿ ಎಷ್ಟರಮಟ್ಟಿಗೆ ಬೇರೂರಿವೆ ಎಂಬುದರ ಮೇಲೆ ಕರಾವಳಿಯ ಸಾವಿರಾರು ಮಹಿಳೆಯರ ಕೂಲಿ ನಿಲ್ಲುತ್ತದೆ.